ಬ್ಲಾಕ್ಡ್ ಅಕೌಂಟ್ ವಿಮರ್ಶೆ: ತೆರೆಯುವ ಶುಲ್ಕ ನೋಡಬೇಡಿ, ಮೊದಲ ಕಂತು ನೋಡಿ

ಜರ್ಮನಿಗೆ ಎಂಎಸ್ ಓದಲು ಹೊರಟವರ ಮನೆಯಲ್ಲಿ ಅಡ್ಮಿಷನ್ ಪತ್ರ ಬಂದ ವಾರವೇ ಶುರುವಾಗುವ ಚರ್ಚೆ ಒಂದೇ. ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣ ಮೊದಲೇ ಇಡಬೇಕಾದ ಬ್ಲಾಕ್ಡ್ ಅಕೌಂಟ್ ಯಾರ ಹತ್ತಿರ ತೆರೆಯೋದು? ಫಿಂಟಿಬಾನೋ, ಎಕ್ಸ್‌ಪಾಟ್ರಿಯೋನೋ, ಕೊರಾಕಲ್ಲೋ? ಒಬ್ಬರದು ಇಪ್ಪತ್ತು ಯೂರೋ ಅಗ್ಗ, ಇನ್ನೊಬ್ಬರು ಇನ್ಶೂರೆನ್ಸ್ ಜೊತೆಗೆ ತೊಗೊಂಡರೆ ಏನೋ ಉಚಿತ ಅಂತಾರೆ. ಈ ಲೆಕ್ಕದಲ್ಲೇ ಎರಡು ವಾರ ಕಳೆಯುತ್ತದೆ. ಕೊನೆಗೆ ಹಣ ಕಳಿಸುವ ದಿನ ಬ್ಯಾಂಕಿನವರು ಹೇಳಿದ ರೇಟಿಗೆ ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ಯೂರೋಗೆ ಒಂದೇ ಒಂದು ರೂಪಾಯಿ ಹೆಚ್ಚು ತೆತ್ತರೂ ಅಲ್ಲಿ ಹನ್ನೆರಡು ಸಾವಿರ ಹೋಯಿತು. ಎರಡು ವಾರ ಕೂತು ಉಳಿಸಿದ್ದು ಎರಡು ಸಾವಿರ.

ಹಾಗಾಗಿ ಈ ವಿಮರ್ಶೆಯಲ್ಲಿ ಅಂಕ ಕೊಡುವುದು ಆ್ಯಪ್ ಎಷ್ಟು ಚೆನ್ನಾಗಿದೆ ಎಂಬುದಕ್ಕಲ್ಲ. ಹಣ ಹೋಗುವಾಗ ಎಷ್ಟು ಸೋರುತ್ತದೆ, ಅಲ್ಲಿಗೆ ಇಳಿದ ಮೇಲೆ ಮೊದಲ ಕಂತು ಕೈಗೆ ಸಿಗಲು ಎಷ್ಟು ದಿನ ಬೇಕು, ಈ ಎರಡಕ್ಕೆ ಮಾತ್ರ.

ಬ್ಲಾಕ್ಡ್ ಅಕೌಂಟ್, ಜರ್ಮನ್ ಭಾಷೆಯಲ್ಲಿ ಷ್ಪೆರ್‌ಕಾಂಟೋ, ಎಂದರೆ ನಿಮ್ಮ ಹಣವೇ, ನಿಮ್ಮ ಹೆಸರಲ್ಲೇ, ಆದರೆ ತಿಂಗಳಿಗೆ ಇಷ್ಟೇ ತೆಗೆಯಬಹುದು ಎಂಬ ಬೀಗ ಹಾಕಿದ ಖಾತೆ. ವಿದ್ಯಾರ್ಥಿ ವೀಸಾಕ್ಕೆ ಈಗ ತೋರಿಸಬೇಕಾದ್ದು ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಈ ಮೊತ್ತ 2024ರ ಸೆಪ್ಟೆಂಬರ್‌ನಿಂದ ಬಂದದ್ದು. ಅದಕ್ಕೂ ಮೊದಲು 11,208 ಇತ್ತು, 2022ರವರೆಗೆ 10,332. ಹಳೆಯ ವಿಡಿಯೋ ನೋಡಿ ಹಳೆಯ ಮೊತ್ತ ಕಳಿಸುವವರು ಇನ್ನೂ ಇದ್ದಾರೆ. ಹಣ ಕಳಿಸುವ ದಿನ ಕಾನ್ಸುಲೇಟಿನ ಜಾಲತಾಣದಲ್ಲಿ ಮೊತ್ತ ನೋಡಿಕೊಳ್ಳಿ, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಬ್ರಿಟನ್ನಿಗೆ ಹೋಗುವವರು 28 ದಿನ ಖಾತೆಯಲ್ಲಿ ದುಡ್ಡು ಕೂರಿಸಿ ಸ್ಟೇಟ್‌ಮೆಂಟ್ ತೋರಿಸುತ್ತಾರೆ. ಅದರಿಂದಾಗಿಯೇ ಯಾರದೋ ದುಡ್ಡು ತಂದು ತೋರಿಸಿ ವಾಪಸ್ ಕೊಡುವ ದಂಧೆ ನಮ್ಮಲ್ಲಿ ಬೆಳೆದದ್ದು. ಜರ್ಮನಿಯ ವ್ಯವಸ್ಥೆಯಲ್ಲಿ ಅದು ನಡೆಯದು. ದುಡ್ಡು ಹೋಗಿ ಕೂತ ಮೇಲೆ ತಿಂಗಳ ಕಂತಿನಲ್ಲಷ್ಟೇ ಹೊರಬರುತ್ತದೆ. ಎಜುಕೇಶನ್ ಲೋನಿನ ಸ್ಯಾಂಕ್ಷನ್ ಲೆಟರ್ ತೋರಿಸಿದರೆ ಸಾಕೆಂದು ತಿಳಿದವರೂ ಇದ್ದಾರೆ. ಸಾಲದು. ಸಾಲದ ಹಣ ಖಾತೆಗೆ ಬಿದ್ದಿರಬೇಕು. ಬ್ಲಾಕ್ಡ್ ಅಕೌಂಟ್ ಬೇಡವಾಗುವುದು ಜರ್ಮನ್ ಸಂಸ್ಥೆ ಡಿಎಎಡಿ ಕೊಡುವಂಥ ಸ್ಕಾಲರ್‌ಶಿಪ್ ಇದ್ದರೆ, ಇಲ್ಲವೇ ಜರ್ಮನಿಯಲ್ಲೇ ಇರುವ ಅಣ್ಣನೋ ಚಿಕ್ಕಪ್ಪನೋ ಅಲ್ಲಿನ ಕಚೇರಿಯಲ್ಲಿ ನಿಮ್ಮ ಖರ್ಚಿನ ಹೊಣೆ ಹೊತ್ತು ಅಧಿಕೃತ ಪತ್ರ ಬರೆದುಕೊಟ್ಟರೆ.

ಖಾತೆ ತೆರೆಯುವ ಹಂತದಲ್ಲಿ ಕಂಪನಿ ಕಂಪನಿಗೆ ದೊಡ್ಡ ವ್ಯತ್ಯಾಸವಿಲ್ಲ. ಪಾಸ್‌ಪೋರ್ಟ್ ಸ್ಕ್ಯಾನ್, ಅಡ್ಮಿಷನ್ ಪತ್ರ, ಹಣದ ಮೂಲ ಯಾವುದೆಂಬ ಒಂದೆರಡು ಪ್ರಶ್ನೆ, ಕೆಲವು ಕಡೆ ವಿಡಿಯೋ ಮೂಲಕ ಗುರುತಿನ ಪರೀಕ್ಷೆ. ಎಲ್ಲ ಸರಿಯಿದ್ದರೆ ಒಂದೆರಡು ದಿನದಲ್ಲಿ ಐಬ್ಯಾನ್, ಅಂದರೆ ಯುರೋಪಿನ ಖಾತೆ ಸಂಖ್ಯೆ, ಬರುತ್ತದೆ. ತೆರೆಯುವ ಶುಲ್ಕ ಸಾಮಾನ್ಯವಾಗಿ 50ರಿಂದ 100 ಯೂರೋ ಒಳಗೆ, ಮೇಲೆ ತಿಂಗಳಿಗೆ ಸುಮಾರು 5. ಡಾಯ್ಚ ಬ್ಯಾಂಕ್‌ನಲ್ಲೇ ತೆರೆಯಬೇಕೆಂದು ಹಿರಿಯರು ಹೇಳಿದರೆ, ಅದು 2022ರಲ್ಲೇ ಹೊಸ ಖಾತೆ ನಿಲ್ಲಿಸಿತೆಂದು ಮೆಲ್ಲಗೆ ತಿಳಿಸಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಕಂಪನಿಗಳಲ್ಲಿ ಹೆಚ್ಚಿನವು ತಾವೇ ಬ್ಯಾಂಕ್ ಅಲ್ಲ, ಮಧ್ಯವರ್ತಿಗಳು. ಹಣ ಕೂರುವುದು ಇನ್ಯಾವುದೋ ಪಾಲುದಾರ ಬ್ಯಾಂಕಿನಲ್ಲಿ. ಯಾವ ಬ್ಯಾಂಕ್, ಯಾವ ದೇಶದ್ದು, ಖಾತೆ ನೇರ ನಿಮ್ಮ ಹೆಸರಲ್ಲಿದೆಯೋ ಅಥವಾ ಕಂಪನಿಯ ಟ್ರಸ್ಟ್ ಖಾತೆಯಲ್ಲಿ ನಿಮ್ಮ ಪಾಲು ಎಂದಿದೆಯೋ, ಇದನ್ನು ಷರತ್ತುಗಳ ಪುಟದಲ್ಲಿ ಓದಿಕೊಳ್ಳಿ. ಯುರೋಪಿನ ಠೇವಣಿ ಭದ್ರತೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 1 ಲಕ್ಷ ಯೂರೋವರೆಗೆ. ಅದು ನಿಮ್ಮ ಹಣಕ್ಕೆ ಹೇಗೆ ಅನ್ವಯಿಸುತ್ತದೆ ಎಂದು ಇಮೇಲಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಸ್ಪಷ್ಟವಾಗಿ ಉತ್ತರಿಸದ ಕಂಪನಿ ಎಷ್ಟು ಅಗ್ಗವಾದರೂ ಬೇಡ.

ನಮ್ಮ ಕಡೆಯವರಿಗೆ ಹೆಸರಿನ ತಾಪತ್ರಯ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಎರಡು ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಜರ್ಮನ್ ಫಾರಂಗಳು ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ. ಕೆಲವರು ಅಲ್ಲೊಂದು ಚುಕ್ಕಿ, ಕೆಲವರು ಹೆಸರನ್ನೇ ಎರಡು ಸಲ, ಕೆಲವರು ಅಪ್ಪನ ಹೆಸರು ತುಂಬುತ್ತಾರೆ. ನಂತರ ವೀಸಾ ಅರ್ಜಿ ಒಂದು ಹೇಳುತ್ತದೆ, ಖಾತೆಯ ದೃಢೀಕರಣ ಪತ್ರ ಇನ್ನೊಂದು ಹೇಳುತ್ತದೆ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗಿನ ಎರಡು ಸಾಲು, ಬಾಣದ ಗುರುತುಗಳ ನಡುವೆ ಹೆಸರು ಇರುವ ಸಾಲು, ಅದೇ ಪ್ರಮಾಣ. ಅದರಲ್ಲಿ ಇಲ್ಲದ ಹೆಸರನ್ನು ಸೇರಿಸಬೇಡಿ. ಸರ್‌ನೇಮ್ ಇಲ್ಲದಿದ್ದರೆ ಖಾತೆ ತೆರೆಯುವ ಮುಂಚೆಯೇ ಆ ಕಂಪನಿಯ ಸಹಾಯ ವಿಭಾಗಕ್ಕೆ ಬರೆದು, ಅವರು ಹೇಳಿದಂತೆ ತುಂಬಿ.

ಈಗ ಹಣ ಕಳಿಸುವ ಮಾತು. ಇಲ್ಲೇ ನಿಧಾನಿಸಬೇಕು.

ಕಳಿಸಬೇಕಾದ್ದು 11,904 ಅಲ್ಲ. ತೆರೆಯುವ ಶುಲ್ಕ 89, ತಿಂಗಳ ಶುಲ್ಕ 5 ಎಂದಿಟ್ಟುಕೊಳ್ಳಿ. ಹನ್ನೆರಡು ತಿಂಗಳಿಗೆ ಒಟ್ಟು 12,053 ಆಯಿತು. ದಾರಿಯಲ್ಲಿ ಮಧ್ಯದ ಬ್ಯಾಂಕ್ ಹಿಡಿದುಕೊಳ್ಳುವ ಚಿಲ್ಲರೆಗೆಂದು ಇನ್ನೊಂದು ನೂರು ಸೇರಿಸಿ, ಸುಮಾರು 12,150 ಕಳಿಸಿ. ಉಳಿದರೆ ಅದು ನಿಮ್ಮದೇ, ಸಾಮಾನ್ಯವಾಗಿ ಮೊದಲ ಕಂತಿನ ಜೊತೆ ಬರುತ್ತದೆ. ಕಡಿಮೆ ಬಿದ್ದರೆ ಮಾತ್ರ ಫಜೀತಿ. ನಾಲ್ಕು ಯೂರೋ ಕಡಿಮೆಯಾದರೂ ದೃಢೀಕರಣ ಪತ್ರ ಬರುವುದಿಲ್ಲ, ಆ ನಾಲ್ಕು ಯೂರೋಗೆ ಮತ್ತೊಮ್ಮೆ ಬ್ಯಾಂಕ್ ಶುಲ್ಕ, ಮತ್ತೆ ನಾಲ್ಕೈದು ದಿನ.

ವಿದೇಶಕ್ಕೆ ಹಣ ಕಳಿಸುವಾಗ ತುಂಬುವ ಸ್ವಿಫ್ಟ್ ಫಾರಂನಲ್ಲಿ ಶುಲ್ಕ ಯಾರ ತಲೆಗೆ ಎಂಬ ಕಾಲಂ ಇರುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ‘ಅವರ್’ (OUR) ಎಂದಿರುವುದನ್ನು ಗುರುತಿಸಿ, ಎಲ್ಲ ಶುಲ್ಕವೂ ಕಳಿಸುವವರದು ಎಂದು ಅರ್ಥ. ‘ಷೇರ್ಡ್’ ಎಂದು ಬಿಟ್ಟರೆ ಮಧ್ಯದ ಬ್ಯಾಂಕ್ ತನ್ನ ಪಾಲನ್ನು ನಿಮ್ಮ ಯೂರೋದಿಂದಲೇ ಕತ್ತರಿಸಿಕೊಳ್ಳುತ್ತದೆ. ಕೌಂಟರಿನಲ್ಲಿ ಕೇಳದೆ ಇದ್ದರೆ ಹೆಚ್ಚಿನ ಕಡೆ ‘ಷೇರ್ಡ್’ ಎಂದೇ ಬೀಳುತ್ತದೆ.

ರೇಟಿನ ವಿಷಯ. ಗೂಗಲ್‌ನಲ್ಲಿ ಕಾಣುವ ದರ ಯಾರಿಗೂ ಸಿಗುವುದಿಲ್ಲ. ಬ್ಯಾಂಕ್ ಗೋಡೆಗೆ ಅಂಟಿಸಿದ ಕಾರ್ಡ್ ರೇಟ್ ಸಣ್ಣ ಮೊತ್ತಕ್ಕೆ, ಅದರಲ್ಲಿ ಬ್ಯಾಂಕಿನ ಲಾಭ ಚೆನ್ನಾಗಿಯೇ ಸೇರಿರುತ್ತದೆ. ಹನ್ನೆರಡು ಲಕ್ಷದ ವ್ಯವಹಾರಕ್ಕೆ ಟ್ರೆಷರಿ ರೇಟ್, ಅಂದರೆ ಬ್ಯಾಂಕಿನ ಟ್ರೆಷರಿ ವಿಭಾಗ ದೊಡ್ಡ ಮೊತ್ತಕ್ಕೆ ಆ ಹೊತ್ತಿಗೆ ಕೊಡುವ ದರ, ಕೇಳುವ ಹಕ್ಕು ನಿಮಗಿದೆ, ಮ್ಯಾನೇಜರ್ ಫೋನ್ ಮಾಡಿ ತರಿಸುತ್ತಾರೆ. ಎರಡು ಬ್ಯಾಂಕ್, ಒಂದು ಆನ್‌ಲೈನ್ ಫಾರೆಕ್ಸ್ ಸಂಸ್ಥೆ, ಮೂರು ಕಡೆ ಒಂದೇ ದಿನ ಒಂದೇ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿ: ‘12,150 ಯೂರೋ ಅಲ್ಲಿ ಮುಟ್ಟಬೇಕು, ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಕಡಿತವಾಗುತ್ತದೆ?’ ರೇಟ್ ಎಷ್ಟು, ಚಾರ್ಜ್ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿದರೆ ಒಂದರಲ್ಲಿ ಇಳಿಸಿ ಇನ್ನೊಂದರಲ್ಲಿ ಏರಿಸಿ ಹೇಳುತ್ತಾರೆ. ಸಣ್ಣ ಊರುಗಳ ಶಾಖೆಗಳಲ್ಲಿ ವಿದೇಶಿ ವಿನಿಮಯ ಇರುವುದಿಲ್ಲ, ಕಾಗದ ಬೇರೆ ಶಾಖೆಗೆ ಹೋಗಿ ಬರಬೇಕು. ಮಧ್ಯಾಹ್ನ ದಾಟಿದರೆ ಆ ದಿನದ ರೇಟೂ ತಪ್ಪುತ್ತದೆ. ಸಾಧ್ಯವಾದರೆ ನೇರವಾಗಿ ಫಾರೆಕ್ಸ್ ಇರುವ ಶಾಖೆಗೇ ಬೆಳಿಗ್ಗೆ ಹೋಗಿ.

ಕೈಯಲ್ಲಿರಬೇಕಾದ್ದು: ಕಳಿಸುವವರ ಪ್ಯಾನ್, ಎ2 ಫಾರಂ (ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಅರ್ಜಿ), ಅಡ್ಮಿಷನ್ ಪತ್ರ, ವಿದ್ಯಾರ್ಥಿಯ ಪಾಸ್‌ಪೋರ್ಟ್ ಪ್ರತಿ, ಬ್ಲಾಕ್ಡ್ ಅಕೌಂಟ್ ಕಂಪನಿ ಕೊಟ್ಟ ಹಣ ಕಳಿಸುವ ವಿವರದ ಹಾಳೆ. ಅಪ್ಪನೋ ಅಮ್ಮನೋ ಕಳಿಸಬಹುದು, ಸಂಬಂಧ ತೋರಿಸುವ ದಾಖಲೆ ಸಾಕು. ಏಜೆಂಟನ ಖಾತೆಯಿಂದ ಮಾತ್ರ ಕಳಿಸಬೇಡಿ, ಅಲ್ಲಿ ಹಣದ ಮೂಲದ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾತೆ ಹೊಸತಾಗಿದ್ದರೆ ಹಿಂದಿನ ವರ್ಷದ ಸ್ಟೇಟ್‌ಮೆಂಟ್ ಅಥವಾ ಐಟಿ ರಿಟರ್ನ್ ಕೇಳುತ್ತಾರೆ. ಎಫ್‌ಡಿ ಮುರಿದ ಹಣವಾದರೆ ಅದರ ಕಾಗದವನ್ನೂ ಇಟ್ಟುಕೊಳ್ಳಿ.

ಪರ್ಪಸ್ ಕೋಡ್ ಎಂಬ ಸಣ್ಣ ಕಾಲಂ ಇದೆ. ಅದನ್ನು ಹೆಚ್ಚಿನವರು ಬ್ಯಾಂಕಿನವರಿಗೇ ಬಿಡುತ್ತಾರೆ. ವಿದೇಶದಲ್ಲಿ ಓದಿಗೆ ಎಂದರೆ ಎಸ್ 0305. ಇದು ಮುಖ್ಯವಾಗುವುದು ವಿದೇಶಕ್ಕೆ ಕಳಿಸುವ ಹಣದ ಮೇಲೆ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ, ಅಂದರೆ ಟಿಸಿಎಸ್‌ನಿಂದ. 2025ರ ಏಪ್ರಿಲ್‌ನಿಂದ ಒಬ್ಬರ ಪ್ಯಾನ್‌ನಲ್ಲಿ ಆರ್ಥಿಕ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. ಲೆಕ್ಕದ ಸುಲಭಕ್ಕೆ ಯೂರೋಗೆ ನೂರು ರೂಪಾಯಿ ಎಂದುಕೊಂಡರೆ ನೀವು ಕಳಿಸುವುದು 12.15 ಲಕ್ಷ. ಮಿತಿ ಮೀರಿದ್ದು 2.15 ಲಕ್ಷ. 2025-26ರ ದರದಲ್ಲಿ ಓದಿಗೆಂದು ಕಳಿಸಿದರೆ ಅದರ ಶೇ. 5, ಅಂದರೆ 10,750 ರೂಪಾಯಿ. ಅದೇ ಹಣ ವಿದೇಶಿ ಖಾತೆ ತೆರೆಯಲು ಎಂಬಂಥ ಬೇರೆ ಕೋಡಿನಲ್ಲಿ ಹೋದರೆ ಶೇ. 20, ಅಂದರೆ 43,000. ಐಟಿ ರಿಟರ್ನ್‌ನಲ್ಲಿ ಇದನ್ನು ಹೊಂದಿಸಿಕೊಳ್ಳಬಹುದು ನಿಜ, ಆದರೆ ಊರು ಬಿಡುವ ತಿಂಗಳಲ್ಲಿ ಅಷ್ಟು ದುಡ್ಡು ಸಿಕ್ಕಿಬೀಳುವುದು ಯಾರಿಗೆ ಬೇಕು? ಅಪ್ಪ ಅಮ್ಮ ಇಬ್ಬರಿಗೂ ಖಾತೆ, ಪ್ಯಾನ್ ಇದ್ದರೆ ಹಣವನ್ನು ಹಂಚಿ ಕಳಿಸಿದರೆ ಇಬ್ಬರೂ ಮಿತಿಯೊಳಗೇ ಉಳಿಯುತ್ತಾರೆ, ಶುಲ್ಕ ಮಾತ್ರ ಎರಡು ಸಲ. ಅಧಿಕೃತ ಹಣಕಾಸು ಸಂಸ್ಥೆಯ ಎಜುಕೇಶನ್ ಲೋನ್ ಆದರೆ ಟಿಸಿಎಸ್ ಇಲ್ಲವೇ ಇಲ್ಲ. ಕರೆನ್ಸಿ ಪರಿವರ್ತನೆಯ ಮೇಲಿನ ಜಿಎಸ್‌ಟಿ ಇಷ್ಟು ಮೊತ್ತಕ್ಕೆ ಸುಮಾರು 1,030 ರೂಪಾಯಿ. ಅದಕ್ಕಿಂತ ತುಂಬಾ ಹೆಚ್ಚು ಹಾಕಿದ್ದರೆ ಬಿಲ್ ಕೇಳಿ.

ಹಣ ಮುಟ್ಟಿದ ಮೇಲೆ ಪಿಡಿಎಫ್ ದೃಢೀಕರಣ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು, ಒಟ್ಟು ಮೊತ್ತ, ತಿಂಗಳಿಗೆ 992 ಎಂಬುದು ಮೂರೂ ಇರಬೇಕು. ಖಾತೆ ತೆರೆದದ್ದಕ್ಕೆ ಬರುವ ಪತ್ರ ಬೇರೆ, ಹಣ ಬಂದದ್ದಕ್ಕೆ ಬರುವ ಪತ್ರ ಬೇರೆ. ಮೊದಲನೆಯದನ್ನು ಅಪ್‌ಲೋಡ್ ಮಾಡಿ ಫೈಲ್ ನಿಲ್ಲಿಸಿಕೊಂಡವರು ಕಡಿಮೆಯಿಲ್ಲ. ಕರ್ನಾಟಕ, ಕೇರಳದವರ ಅರ್ಜಿ ಬೆಂಗಳೂರಿನ ಕಾನ್ಸುಲೇಟಿಗೆ ಹೋಗುತ್ತದೆ. ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ಹೇಳುವ ಎಪಿಎಸ್ ಪ್ರಮಾಣಪತ್ರವೂ 2022ರ ನವೆಂಬರ್‌ನಿಂದ ಕಡ್ಡಾಯವಾದ್ದರಿಂದ, ಅದು ಕೈಗೆ ಬರುವ ಹೊತ್ತಿಗೆ ಖಾತೆಯ ಹಣವೂ ಸಿದ್ಧವಿರುವಂತೆ ದಿನ ಎಣಿಸಿಕೊಳ್ಳಿ. ಲೋನಿನವರಿಗೆ ಬ್ಯಾಂಕಿನಿಂದ ಹಣ ಬಿಡುಗಡೆಗೇ ವಾರಗಳು ಹಿಡಿಯಬಹುದು.

ಕಂಪನಿಗಳ ನಿಜವಾದ ಗುಣ ಗೊತ್ತಾಗುವುದು ವಿಮಾನ ಇಳಿದ ಮೇಲೆ. ಮೊದಲ ಕಂತಿಗೆ ಸಾಮಾನ್ಯವಾಗಿ ಬೇಕಾದ್ದು: ವೀಸಾ ಅಂಟಿಸಿದ ಪಾಸ್‌ಪೋರ್ಟ್ ಪುಟ, ನಿಮ್ಮದೇ ಹೆಸರಿನ ಸಾಮಾನ್ಯ ಬ್ಯಾಂಕ್ ಖಾತೆ, ಮತ್ತು ಕೆಲವರಲ್ಲಿ ವಿಳಾಸ ನೋಂದಣಿಯ ಪತ್ರ. ಈ ಮೂರನೆಯದೇ ಗಂಟು. ವಿಳಾಸ ನೋಂದಣಿಗೆ ಮನೆಮಾಲೀಕ ಬರೆದುಕೊಟ್ಟ ಕಾಗದ ಬೇಕು, ಹಾಸ್ಟೆಲ್ ರೂಮ್ ಸಿಗುವವರೆಗೆ ಸ್ನೇಹಿತರ ಸೋಫಾದಲ್ಲಿ ಮಲಗುವವರಿಗೆ ಅದು ಸಿಗದು. ಬರ್ಲಿನ್, ಮ್ಯೂನಿಕ್‌ನಂಥ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟೇ ದುರ್ಲಭ. ಹಾಗಾಗಿ ಖಾತೆ ತೆರೆಯುವ ಮುಂಚೆ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು: ವಿಳಾಸ ನೋಂದಣಿ ಪತ್ರ ಇಲ್ಲದೆ ಮೊದಲ ಕಂತು ಬಿಡುತ್ತೀರಾ? ಹೌದು ಎನ್ನುವವರಿಗೆ ಮೂವತ್ತು ಯೂರೋ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಏನೇ ಆದರೂ ಮೊದಲ ನಾಲ್ಕು ವಾರ ಈ ಖಾತೆಯಿಂದ ನಯಾಪೈಸೆ ಬರದು ಎಂದುಕೊಂಡೇ ಹೊರಡಿ. ಮನೆ ಅಡ್ವಾನ್ಸ್ ಕಾನೂನು ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆವರೆಗೆ ಇರಬಹುದು. ತಿಂಗಳಿಗೆ 992 ಮಾತ್ರ ಬಿಡುವ ಖಾತೆಯಿಂದ ಅದನ್ನು ಕಟ್ಟಲಾಗದು. ಫಾರೆಕ್ಸ್ ಕಾರ್ಡಿನಲ್ಲಿ 1,500ರಿಂದ 2,000 ಯೂರೋ ಬೇರೆಯಾಗಿ ಇರಲಿ. ನೋಟಿನ ರೂಪದಲ್ಲಿ ಭಾರತದಿಂದ ಒಯ್ಯಲು ಮಿತಿ 3,000 ಡಾಲರ್, ಅಷ್ಟೂ ಬೇಕಾಗುವುದಿಲ್ಲ.

ಇನ್ಶೂರೆನ್ಸ್ ಸೇರಿದ ಪ್ಯಾಕೇಜ್ ಬಗ್ಗೆ ಒಂದು ಮಾತು. ಪದವಿ ಓದುವ 30 ವರ್ಷದೊಳಗಿನವರಿಗೆ ಸರ್ಕಾರಿ ಆರೋಗ್ಯ ವಿಮೆ, ಜೊತೆಗೆ ಮೊದಲ ಕೆಲವು ದಿನಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಸೇರಿದ್ದರೆ ಪ್ಯಾಕೇಜ್ ಅನುಕೂಲವೇ. ಖಾಸಗಿ ವಿಮೆ ಅಗ್ಗವೆಂದು ಸೇರಿಸಿದ್ದರೆ ಎಚ್ಚರ: ಸರ್ಕಾರಿ ವಿಮೆಯಿಂದ ಒಮ್ಮೆ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ಅದಕ್ಕೆ ಮರಳುವ ದಾರಿಯಿಲ್ಲ. ಕನ್ಸಲ್ಟೆನ್ಸಿಯವರು ‘ಫ್ರೀ’ ಎಂದು ಮಾಡಿಕೊಡುವ ಖಾತೆಯ ಖರ್ಚು ಸಾಮಾನ್ಯವಾಗಿ ಇಂಥ ವಿಮೆ ಮಾರಿದ ಕಮಿಷನ್‌ನಿಂದಲೇ ಬರುತ್ತದೆ.

ವೀಸಾ ತಿರಸ್ಕೃತವಾದರೆ ಹಣ ವಾಪಸ್ ಬರುತ್ತದೆ, ತಿರಸ್ಕಾರ ಪತ್ರ ಅಪ್‌ಲೋಡ್ ಮಾಡಬೇಕು. ತೆರೆಯುವ ಶುಲ್ಕ ಮರಳಿಸುವರೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕಿಂತ ದೊಡ್ಡ ಪೆಟ್ಟು ಯೂರೋವನ್ನು ಮತ್ತೆ ರೂಪಾಯಿ ಮಾಡುವಾಗಿನದು. ಕಾನ್ಸುಲೇಟಿಗೇ ಮೇಲ್ಮನವಿ ಬರೆಯುವ ಪದ್ಧತಿ 2025ರ ಜುಲೈ 1ರಿಂದ ರದ್ದಾಗಿದೆ. ಈಗ ಉಳಿದಿರುವುದು ಹೊಸ ಅರ್ಜಿ ಅಥವಾ ಬರ್ಲಿನ್ನಿನ ನ್ಯಾಯಾಲಯ. ಹೊಸ ಅರ್ಜಿ ಹಾಕುವ ಮನಸ್ಸಿದ್ದರೆ ಹಣ ವಾಪಸ್ ತರಿಸದೆ ಅಲ್ಲೇ ಬಿಡಿ.

ಒಂದು ವರ್ಷದ ನಂತರ ರೆಸಿಡೆನ್ಸ್ ಪರ್ಮಿಟ್ ನವೀಕರಿಸುವಾಗ ಹಣದ ಪುರಾವೆ ಮತ್ತೆ ಕೇಳುತ್ತಾರೆ. ಆ ಹೊತ್ತಿಗೆ ಪಾರ್ಟ್‌ಟೈಮ್ ಕೆಲಸದ ಒಪ್ಪಂದ, ಸಂಬಳದ ಚೀಟಿಗಳಿದ್ದರೆ ಪೂರ್ತಿ ಮೊತ್ತ ಮತ್ತೆ ಬ್ಲಾಕ್ ಮಾಡಬೇಕಾಗದೆ ಇರಬಹುದು, ಅದು ನಿಮ್ಮ ಊರಿನ ಕಚೇರಿಯನ್ನು ಅವಲಂಬಿಸಿದೆ. ಹನ್ನೆರಡನೇ ಕಂತು ಬಂದ ಮೇಲೆ ಖಾತೆ ತಾನಾಗಿ ಮುಚ್ಚುತ್ತದೋ, ನೀವು ಬರೆದು ಮುಚ್ಚಿಸಬೇಕೋ ಎಂದು ನೋಡಿಕೊಳ್ಳಿ. ಮುಚ್ಚದೆ ಬಿಟ್ಟರೆ ತಿಂಗಳ ಐದು ಯೂರೋ ಹೋಗುತ್ತಲೇ ಇರಬಹುದು.