ಕೆಎಕ್ಸ್65ಕ್ಕೆ ಸೆಕೆಂಡ್ ಹ್ಯಾಂಡ್ ಸ್ಪೇರ್: ಎರಡು ಸೀಸನ್ ಓಡಿಸಿದ ಮೇಲೆ

ಮಕ್ಕಳ ಮೋಟೋಕ್ರಾಸ್ ಬೈಕ್ ಕವಾಸಾಕಿ ಕೆಎಕ್ಸ್65ಕ್ಕೆ ಸ್ಪೇರ್ ಹುಡುಕುವವರು ಮೊದಲು ಹಳದಿ ಬಣ್ಣದ ಸುಜುಕಿ ಆರ್‌ಎಂ65 ಹೆಸರು ನೆನಪಿಟ್ಟುಕೊಳ್ಳಿ. 2003ರಿಂದ 2005ರವರೆಗೆ ಬಂದ ಆ ಗಾಡಿ ಹೆಸರಿಗೆ ಸುಜುಕಿ, ಒಳಗೆಲ್ಲ ಇದೇ ಕವಾಸಾಕಿ. ಕೆಎಕ್ಸ್65 ಅಂತ ಹುಡುಕಿದಾಗ ಸಿಗದೇ ಇದ್ದ ಕ್ಲಚ್ ಕವರ್, ರೇಡಿಯೇಟರ್, ಹಿಂದಿನ ಹಬ್ ಮೂರೂ ಆರ್‌ಎಂ65 ಹೆಸರಿನಲ್ಲಿ ಸಿಕ್ಕವು. ಫೈಲ್ ಹಿಡಿದು ಉಜ್ಜುವ ಕೆಲಸವೇ ಇಲ್ಲದೆ ಕೂತವು, ಎರಡು ಸೀಸನ್ ತಂಟೆ ಮಾಡಿಲ್ಲ. 2000ದಲ್ಲಿ ಬಂದಾಗಿನಿಂದ ಕೆಎಕ್ಸ್65ರ ಮೂಲ ವಿನ್ಯಾಸವೂ ಹೆಚ್ಚು ಬದಲಾಗಿಲ್ಲ, ಹಾಗಾಗಿ ತೀರಾ ಹಳೆಯ ಗಾಡಿ ಬಿಚ್ಚಿ ಮಾರುವವರನ್ನೂ ಬಿಡಬೇಡಿ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುವ ಮನೆಗೆ ಇದು ದೊಡ್ಡ ಅನುಕೂಲ.

"65ಕ್ಕೆ ಆಗುತ್ತೆ ಸಾರ್" ಅನ್ನುವ ಮಾತಿಗೆ ಮಾತ್ರ ದುಡ್ಡು ಹಾಕಬೇಡಿ. ಕವಾಸಾಕಿ ಪಾರ್ಟ್ ನಂಬರಿನಲ್ಲಿ ಮೊದಲ 5 ಅಂಕಿ ಭಾಗದ ಜಾತಿ ಹೇಳುತ್ತದೆ: 11005 ಸಿಲಿಂಡರ್, 13001 ಪಿಸ್ಟನ್, 13031 ಕ್ರ್ಯಾಂಕ್, 92049 ಆಯಿಲ್ ಸೀಲ್. ಯಾವ ಗಾಡಿಯದು ಅನ್ನುವುದು ಅಡ್ಡಗೀಟಿನ ನಂತರದ ಅಂಕಿಗಳಲ್ಲಿ ಇರುತ್ತದೆ. ಕೆಎಕ್ಸ್60ರ ಪಿಸ್ಟನ್ನೂ 13001ರಿಂದಲೇ ಶುರು, ಆದರೆ ಅದರ ಬೋರ್ (ಸಿಲಿಂಡರಿನ ಒಳ ವ್ಯಾಸ) 43 ಮಿ.ಮೀ., ನಮ್ಮದು 44.5. ಭಾಗದ ಮೇಲೆ ನಂಬರ್ ಇಲ್ಲದಿದ್ದರೆ ಬಿಚ್ಚಿದ ಗಾಡಿಯ ವರ್ಷ ಕೇಳಿಕೊಂಡು, ಕ್ಯಾಟಲಾಗಿನಲ್ಲಿ ಆ ವರ್ಷಕ್ಕೂ ನಿಮ್ಮ ಗಾಡಿಯ ವರ್ಷಕ್ಕೂ ಒಂದೇ ನಂಬರ್ ಇದೆಯೇ ನೋಡಿ.

ಚೈನ್ ಸೈಜು 420. ಊರಿನ ಅಂಗಡಿಯಲ್ಲಿ ಕೈಗೆ ಸಿಗುವುದು 428. ಎರಡಕ್ಕೂ ಪಿಚ್ (ಪಿನ್ನಿನಿಂದ ಪಿನ್ನಿಗೆ ಇರುವ ಅಂತರ) 12.7 ಮಿ.ಮೀ. ಆದ್ದರಿಂದ ಸ್ಪ್ರಾಕೆಟ್ ಮೇಲೆ ಕೂತಂತೆ ಕಾಣುತ್ತದೆ. ಒಳ ಅಗಲ 6.35ರ ಬದಲು 7.94 ಇರುವುದರಿಂದ ಪಕ್ಕಕ್ಕೆ ಆಡಿ ಹಲ್ಲು ತಿನ್ನುತ್ತದೆ. ಬೇರಿಂಗ್ ಹಳೆಯದು ತರಲೇಬೇಡಿ. ಮೇಲಿನ ನಂಬರ್ ಓದಿ ಬೇರಿಂಗ್ ಅಂಗಡಿಯಲ್ಲೇ ಹೊಸದು ತನ್ನಿ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಕೆಡಿಸಿದ್ದು ಸಿಲಿಂಡರ್. ಮಾರಿದವರು ಕಳಿಸಿದ ಫೋಟೋದಲ್ಲಿ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪು ಕಂಡರೆ ಅನುಮಾನ ಬರಬೇಕಿತ್ತು, ಯಾಕೆಂದರೆ ಈ ಸಿಲಿಂಡರಿನ ಒಳಗೆ ಕಬ್ಬಿಣದ ಸ್ಲೀವ್ ಇಲ್ಲ, ಅಲ್ಯೂಮಿನಿಯಂ ಮೇಲೆ ತೆಳ್ಳನೆಯ ಗಟ್ಟಿ ಲೇಪ ಅಷ್ಟೇ. ಲೇಪ ಚೆನ್ನಾಗಿದ್ದರೆ ಮಂಕು ಬೂದು ಬಣ್ಣ, ಅದರ ಮೇಲೆ ಸಣ್ಣ ಅಡ್ಡಗೆರೆಗಳು. ಬಂದ ಸಿಲಿಂಡರಿನಲ್ಲಿ ಇನ್‌ಟೇಕ್ ಪೋರ್ಟಿನ ಕೆಳಗೆ ಉದ್ದುದ್ದ ಗೆರೆಗಳಿದ್ದವು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಆ ಬದಿಯ ಗೆರೆ ಎಂದರೆ ಫಿಲ್ಟರ್ ದಾಟಿ ಮಣ್ಣು ಒಳಗೆ ಹೋಗಿದೆ. ಎಕ್ಸಾಸ್ಟ್ ಬದಿಯಲ್ಲಿ ಗೆರೆ ಇದ್ದರೆ ಎಂಜಿನ್ ಬಿಸಿಯಾಗಿ ಪಿಸ್ಟನ್ ಹಿಡಿದಿರುವ ಸಾಧ್ಯತೆ ಹೆಚ್ಚು. ಲೇತ್‌ಗೆ ಒಯ್ದು ಬೋರ್ ಮಾಡಿಸಿದರೆ ಇದ್ದ ಲೇಪವೂ ಹೋಗುತ್ತದೆ.

ಎಕ್ಸಾಸ್ಟ್ ಬದಿಯ ಬೆಳ್ಳಿ ಬಣ್ಣದ ಕಲೆ ಕಂಡ ತಕ್ಷಣ ಎಸೆಯಬೇಕಿಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡಿರಬಹುದು. ಕೈಗವಸು ಹಾಕಿ, ಬಯಲಿನಲ್ಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಅನ್ನು ಹತ್ತಿಕಡ್ಡಿಯಿಂದ ಕಲೆಗಷ್ಟೇ ಮುಟ್ಟಿಸಿ. ನೊರೆ ಬಂದು ನಿಂತರೆ, ಕೆಳಗೆ ಬೂದು ಲೇಪ ಕಂಡರೆ ಸಿಲಿಂಡರ್ ಉಳಿಯಿತು. ಕೂಡಲೇ ಸೋಪು ನೀರಿನಲ್ಲಿ ತೊಳೆದು ಎಣ್ಣೆ ಸವರಿ. ನೊರೆ ನಿಲ್ಲದಿದ್ದರೆ ಲೇಪ ಹೋಗಿ ಬುಡದ ಲೋಹವೇ ಕರಗುತ್ತಿದೆ, ಗುಜರಿಗೆ ಹಾಕಿ. ಇದರ ಜೊತೆ ಹೊಸ ರಿಂಗ್ ಒಂದನ್ನೇ ಒಳಗಿಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಮೇಲೊಮ್ಮೆ ಕೆಳಗೊಮ್ಮೆ ಫೀಲರ್ ಗೇಜ್‌ನಿಂದ ತುದಿಗಳ ನಡುವಿನ ಸಂದು ಅಳೆಯಿರಿ. ಸಾಮಾನ್ಯ ಲೆಕ್ಕ ಬೋರಿನ 25 ಮಿ.ಮೀ.ಗೆ 0.1, ಅಂದರೆ ಇಲ್ಲಿ ಸುಮಾರು 0.18 ಮಿ.ಮೀ. ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ ಎದ್ದು ಕಂಡರೆ ಗೋಡೆ ಸವೆದಿದೆ.

ಕೊಯ್ಲು ಮುಗಿದ ಗದ್ದೆಯಲ್ಲಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಏಳುವ ಧೂಳು ಹಿಟ್ಟಿನಷ್ಟು ನಯ. ಪ್ರತಿ ಸಂಜೆ ಫಿಲ್ಟರ್ ಬಿಚ್ಚುವ ಕೆಲಸ ಈಗ ಗಾಡಿ ಓಡಿಸುವಷ್ಟೇ ಇಷ್ಟವಾಗಿದೆ. ಮೊದಲು ಸೀಮೆಎಣ್ಣೆ, ಆಮೇಲೆ ಸೋಪು ನೀರು. ಹಿಂಡಬಾರದು, ಒತ್ತಿ ನೀರು ತೆಗೆದು ನೆರಳಿನಲ್ಲಿ ಒಣಗಿಸುವುದು. ಫಿಲ್ಟರ್ ಎಣ್ಣೆ ಹಾಕಿ ಸ್ಪಂಜಿನ ಬಣ್ಣ ಎಲ್ಲ ಕಡೆ ಒಂದೇ ಆಗುವವರೆಗೆ ಹಿಸುಕಿ, ಅಂಚಿಗೆ ಗ್ರೀಸ್ ಬಳಿದು ಕೂರಿಸುವುದು. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜಿನ ಅಂಟು ಬಿಡುತ್ತದೆ.

ತೋಟದ ಮನೆಗಳಲ್ಲಿ ಇನ್ನೊಂದು ಅಪಾಯ ವೀಡ್ ಕಟರಿನ ಪೆಟ್ರೋಲ್ ಕ್ಯಾನು. ಅದರಲ್ಲಿ ಪೆಟ್ರೋಲಿಗೆ ಎಣ್ಣೆಯ ಮಿಶ್ರಣ ಸಾಮಾನ್ಯವಾಗಿ 50:1, ಅಂದರೆ 5 ಲೀಟರಿಗೆ 100 ಮಿ.ಲೀ. ಎಣ್ಣೆ. ಕೆಎಕ್ಸ್65ಕ್ಕೆ 32:1 ಬೇಕು, 5 ಲೀಟರಿಗೆ ಸುಮಾರು 156 ಮಿ.ಲೀ. ಬೇರೆ ಬಣ್ಣದ ಕ್ಯಾನು ಇಟ್ಟು ಮೇಲೆ ದೊಡ್ಡದಾಗಿ ಬರೆಯಿರಿ.

ಪ್ಲಾಸ್ಟಿಕ್, ಕವರ್, ಹಬ್, ರೇಡಿಯೇಟರ್, ಗೇರ್ ಲಿವರ್ ಹಳೆಯದು ಧೈರ್ಯವಾಗಿ ತನ್ನಿ. ಪಿಸ್ಟನ್, ರಿಂಗ್, ಸೀಲ್ ಹೊಸದೇ ಹಾಕಿ. ಕ್ರ್ಯಾಂಕ್ ಕೊಳ್ಳಲೇಬೇಕಾದರೆ ಎದುರಿಗೆ ನಿಂತು ಕೊಳ್ಳಿ: ಕನೆಕ್ಟಿಂಗ್ ರಾಡನ್ನು ಮೇಲಕ್ಕೆತ್ತಿ ಕೆಳಕ್ಕೆ ಒತ್ತಿದಾಗ ಒಂದಿಷ್ಟೂ ಟಕ್ ಅನ್ನಬಾರದು, ಕೆಳಗಿನ ಬೇರಿಂಗಿಗೆ ಟಾರ್ಚ್ ಬಿಟ್ಟರೆ ತುಕ್ಕಿನ ಕಂದು ಚುಕ್ಕೆ ಕಾಣಬಾರದು. ಮಳೆ ಜೋರಿರುವ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಗಾಡಿಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಎಲ್ಲಿ ನಿಂತಿತ್ತು, ಪ್ಲಗ್ ಬಿಚ್ಚಿ ಎಣ್ಣೆ ಹಾಕಿ ಇಟ್ಟಿದ್ದರೇ ಅಂತ ಕೇಳಿ. ಉತ್ತರ ತಡವರಿಸಿದರೆ ಕ್ರ್ಯಾಂಕ್ ಅಲ್ಲೇ ಬಿಟ್ಟು ಬನ್ನಿ.