2 ಲೀಟರ್ ಟೇಬಲ್‌ಟಾಪ್ ವೆಟ್ ಗ್ರೈಂಡರ್: ಏಳು ವರ್ಷದ ಖರ್ಚು ಮತ್ತು ಉಳಿತಾಯ

ಕೊಯಮತ್ತೂರಿನಲ್ಲಿ ತಯಾರಾದ 2 ಲೀಟರ್ ಅಳತೆಯ ಟೇಬಲ್‌ಟಾಪ್ ವೆಟ್ ಗ್ರೈಂಡರೊಂದನ್ನು ಮೈಸೂರಿನ ನಮ್ಮ ಮನೆಯಲ್ಲಿ 2018ರಿಂದ ಬಳಸುತ್ತಿದ್ದೇವೆ. ಮನೆಯಲ್ಲಿ ನಾವು ಐದು ಮಂದಿ. ವಾರಕ್ಕೆ ಮೂರು ದಿನವಾದರೂ ಬೆಳಗಿನ ತಿಂಡಿಗೆ ಇಡ್ಲಿಯೋ ದೋಸೆಯೋ ಆಗಲೇಬೇಕು. ಹೀಗಾಗಿ ಯಂತ್ರಕ್ಕೆ ಬಿಡುವು ಸಿಕ್ಕಿದ್ದು ಕಡಿಮೆ. ಇದನ್ನು ಕೊಳ್ಳಲು ಯೋಚಿಸುವವರು ಮೊದಲು ಕೇಳುವುದು ದುಡ್ಡು ಉಳಿಯುತ್ತದೆಯೇ ಎಂದು. ಗ್ರೈಂಡರ್ ಬರುವ ಮುಂಚೆ ಅವರ ಮನೆಗೆ ಹಿಟ್ಟು ಎಲ್ಲಿಂದ ಬರುತ್ತಿತ್ತು ಎಂದು ತಿಳಿಯದೆ ಆ ಪ್ರಶ್ನೆಗೆ ಹೌದು ಎಂದಾಗಲಿ ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಅಂಗಡಿಯವರು ಈ ಮಾತನ್ನು ಎತ್ತುವುದೇ ಇಲ್ಲ.

ಈಗಿನ ಬೆಲೆಯಲ್ಲೇ ಲೆಕ್ಕ ಹಾಕೋಣ. ನಾವು ಒಂದು ಸಲಕ್ಕೆ 800 ಗ್ರಾಂ ಇಡ್ಲಿ ಅಕ್ಕಿ, 200 ಗ್ರಾಂ ಉದ್ದು ಮತ್ತು ಒಂದು ಚಮಚ ಮೆಂತ್ಯ ನೆನೆಹಾಕುತ್ತೇವೆ. ನಮ್ಮ ಅಜ್ಜಿಯ ಕಾಲದ ಅಳತೆಯಲ್ಲಿ ಹೇಳುವುದಾದರೆ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು. ಅಕ್ಕಿ ಕಿಲೋಗೆ 50 ರೂಪಾಯಿ, ಉದ್ದು 140 ರೂಪಾಯಿ ಎಂದು ಹಿಡಿದರೆ ಸಾಮಾನಿಗೆ 68 ರೂಪಾಯಿ ಆಗುತ್ತದೆ. ಮೆಂತ್ಯ ಮತ್ತು ಉಪ್ಪಿಗೆ ಎರಡು ರೂಪಾಯಿ ಸೇರಿಸಿಕೊಳ್ಳಬಹುದು. ಯಂತ್ರದ ಮೋಟಾರು 150 ವಾಟ್‌ನದು. ಮುಕ್ಕಾಲು ಗಂಟೆ ತಿರುಗಿದರೂ ಒಂದು ಯೂನಿಟ್‌ನ ಎಂಟನೇ ಒಂದು ಭಾಗದಷ್ಟು ವಿದ್ಯುತ್ ಸಹ ಖರ್ಚಾಗುವುದಿಲ್ಲ. ಅದರ ಬೆಲೆ ಒಂದು ರೂಪಾಯಿಯೊಳಗೇ ಮುಗಿಯುತ್ತದೆ, ಗೃಹಜ್ಯೋತಿಯ ಮಿತಿಯೊಳಗೆ ಬಳಸುವ ಮನೆಗಳಿಗೆ ಅದೂ ಇಲ್ಲ. ಒಟ್ಟು 71 ರೂಪಾಯಿಗೆ ಸುಮಾರು 2.3 ಕಿಲೋ ಹಿಟ್ಟು ಸಿಗುತ್ತದೆ, ಅಂದರೆ ಕಿಲೋಗೆ 31 ರೂಪಾಯಿ ಬಿತ್ತು. ಅಷ್ಟು ಹಿಟ್ಟಿನಲ್ಲಿ ನಮ್ಮ ತಟ್ಟೆಯ ಅಳತೆಗೆ 45ರಷ್ಟು ಇಡ್ಲಿಗಳಾಗುತ್ತವೆ.

ಪ್ಯಾಕೆಟ್ ಹಿಟ್ಟು ನಮ್ಮ ಬಡಾವಣೆಯಲ್ಲಿ ಕಿಲೋಗೆ 80 ರೂಪಾಯಿಯ ಆಸುಪಾಸಿನಲ್ಲಿದೆ. ಬೆಂಗಳೂರಿನಲ್ಲಿ 2005ರ ಸುಮಾರಿಗೆ ಶುರುವಾದ ಐಡಿ ಫ್ರೆಶ್‌ನಂಥ ಕಂಪನಿಗಳು ಈ ವ್ಯಾಪಾರವನ್ನು ದೊಡ್ಡದಾಗಿ ಬೆಳೆಸಿದ ಮೇಲೆ ಹಿಟ್ಟನ್ನು ಕೊಂಡು ತರುವುದು ಹಾಲು ತರುವಷ್ಟೇ ಸಹಜವಾಗಿಬಿಟ್ಟಿದೆ. ಅಂಥ ಪ್ಯಾಕೆಟ್ಟನ್ನು ಬಿಟ್ಟು ಗ್ರೈಂಡರಿಗೆ ಬಂದ ಮನೆಗೆ ಪ್ರತಿ ಸಲ 110 ರೂಪಾಯಿಯಷ್ಟು ಉಳಿಯುತ್ತದೆ. ವಾರಕ್ಕೊಮ್ಮೆ ರುಬ್ಬಿದರೂ ವರ್ಷಕ್ಕೆ ಐದು ಸಾವಿರ ದಾಟುತ್ತದೆ. ಆಗ ನಾವು ಯಂತ್ರಕ್ಕೆ ಕೊಟ್ಟಿದ್ದು 4,500 ರೂಪಾಯಿ, ಆದ್ದರಿಂದ ಒಂದು ವರ್ಷದೊಳಗೆ ಹಾಕಿದ ದುಡ್ಡು ಕೈಗೆ ಬಂದಂತಾಯಿತು. ಬೀದಿಯ ಅಂಗಡಿಯಲ್ಲಿ ಕಿಲೋಗೆ 55 ರೂಪಾಯಿಗೆ ತೂಗಿ ಕೊಡುವ ಹಿಟ್ಟನ್ನು ತರುತ್ತಿದ್ದವರಿಗೆ ಉಳಿತಾಯ ಅದರ ಅರ್ಧದಷ್ಟು ಆಗುವುದರಿಂದ ಎರಡು ವರ್ಷ ಹಿಡಿಯಬಹುದು.

ಮಿಕ್ಸಿಯಲ್ಲಿ ರುಬ್ಬಿಕೊಳ್ಳುತ್ತಿದ್ದವರ ಲೆಕ್ಕ ಬೇರೆಯೇ ಆಗುತ್ತದೆ. ಮಿಕ್ಸಿಯಲ್ಲಿ ಉದ್ದು ಅಷ್ಟಾಗಿ ಉಬ್ಬುವುದಿಲ್ಲ, ಆದ್ದರಿಂದ ಮೂರಕ್ಕೆ ಒಂದರಂತೆ ಹಾಕಬೇಕಾಗುತ್ತದೆ. ಒಂದು ಕಿಲೋ ಸಾಮಾನಿನಲ್ಲಿ 50 ಗ್ರಾಂ ಉದ್ದು ಹೆಚ್ಚು, ಅಷ್ಟೇ ಅಕ್ಕಿ ಕಡಿಮೆ. ಈ ವ್ಯತ್ಯಾಸದ ಬೆಲೆ ಐದು ರೂಪಾಯಿಗಿಂತ ಕಡಿಮೆ. ವಾರಕ್ಕೊಮ್ಮೆ ರುಬ್ಬುವವರು ಬರೀ ಈ ಉಳಿತಾಯದಿಂದ ಗ್ರೈಂಡರಿನ ಬೆಲೆ ತೀರಿಸಬೇಕೆಂದರೆ 20 ವರ್ಷ ಬೇಕು. ಅಷ್ಟು ಹೊತ್ತಿಗೆ ಯಂತ್ರವೇ ಉಳಿದಿರುತ್ತದೆಂದು ಯಾರೂ ಭರವಸೆ ಕೊಡಲಾರರು. ಮಿಕ್ಸಿಯಲ್ಲಿ ತಪ್ಪದೆ ರುಬ್ಬುವ ಅಭ್ಯಾಸವಿದ್ದು, ಅದರಲ್ಲಾಗುವ ಇಡ್ಲಿಯಿಂದ ತೃಪ್ತಿಯೂ ಇದ್ದರೆ, ಉಳಿತಾಯದ ಹೆಸರಿನಲ್ಲಿ ಗ್ರೈಂಡರ್ ಕೊಳ್ಳಬೇಕಾಗಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಮಿಕ್ಸಿಯಿರುವ ಬಹಳ ಮನೆಗಳಲ್ಲಿ ನಡೆಯುವುದು ಹೀಗೆ: ಜಾರು ಚಿಕ್ಕದು, ನಾಲ್ಕೈದು ಕಂತಿನಲ್ಲಿ ರುಬ್ಬಬೇಕು, ನಡುವೆ ಮೋಟಾರು ಬಿಸಿಯಾಗಿ ನಿಲ್ಲುತ್ತದೆ, ಬೇಸರವಾಗಿ ಮುಂದಿನ ವಾರ ಪ್ಯಾಕೆಟ್ ಬರುತ್ತದೆ. ಗ್ರೈಂಡರಿಗೆ ಒಮ್ಮೆ ಹಾಕಿ ನೀರು ಚಿಮುಕಿಸುತ್ತ ಬೇರೆ ಕೆಲಸ ಮಾಡಿಕೊಳ್ಳಬಹುದಾದ್ದರಿಂದ ಆ ಬೇಸರ ಬರುವುದಿಲ್ಲ. ನಮ್ಮ ಮನೆಯಲ್ಲಿ ಉಳಿತಾಯವಾಗಿದ್ದು ಮುಖ್ಯವಾಗಿ ಈ ಕಾರಣಕ್ಕೆ.

ರುಬ್ಬುವ ಗುಣಮಟ್ಟದ ವಿಷಯದಲ್ಲಿ ಯಾವ ತಕರಾರೂ ಇಲ್ಲ. ಶಂಕುವಿನಾಕಾರದ ಎರಡು ಕಲ್ಲುಗಳು ಕಲ್ಲಿನದೇ ತಳದ ಮೇಲೆ ನಿಧಾನವಾಗಿ ಉರುಳುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಉದ್ದಿನೊಳಕ್ಕೆ ಗಾಳಿ ಚೆನ್ನಾಗಿ ಸೇರುತ್ತದೆ. ಉದ್ದನ್ನು ಯಾವಾಗಲೂ ಮೊದಲು, ಬೇರೆಯಾಗಿಯೇ ಹಾಕಬೇಕು. ಆರಂಭದಲ್ಲಿ ಕಲ್ಲುಗಳು ಕಟಕಟ ಎನ್ನುತ್ತವೆ. ಹತ್ತು ನಿಮಿಷವಾಗುವ ಹೊತ್ತಿಗೆ ಆ ಸದ್ದು ಅಡಗಿ, ಹಿಟ್ಟು ಅಂಚಿನವರೆಗೆ ಏರತೊಡಗುತ್ತದೆ. ಒಂದೊಂದು ಕೈ ತಣ್ಣೀರು ಚಿಮುಕಿಸುತ್ತ 25 ರಿಂದ 30 ನಿಮಿಷ ಬಿಟ್ಟರೆ ಉದ್ದು ಬೆಣ್ಣೆಯಂತಾಗುತ್ತದೆ. ಒಂದು ಬಟ್ಟಲು ನೀರಿಗೆ ಒಂದು ಚಿಟಿಕೆಯಷ್ಟು ಹಿಟ್ಟು ಬಿಟ್ಟಾಗ ಅದು ತೇಲಿದರೆ ಸರಿಯಾಗಿದೆ, ಮುಳುಗಿದರೆ ಇನ್ನೂ ಐದು ನಿಮಿಷ ಬೇಕು. ಆಮೇಲೆ ಅಕ್ಕಿಗೆ 15 ನಿಮಿಷ ಸಾಕು, ಇಡ್ಲಿಗಾದರೆ ಸ್ವಲ್ಪ ತರಿಯಾಗಿರುವಾಗಲೇ ತೆಗೆಯಬೇಕು. ಇಡ್ಲಿ ರವೆ ಬಳಸುವವರು ಉದ್ದನ್ನಷ್ಟೇ ರುಬ್ಬಿಕೊಂಡರಾಯಿತು. ಉದ್ದಿನ ವಡೆಗೆ ಇದಕ್ಕಿಂತ ಒಳ್ಳೆಯ ಯಂತ್ರ ಮನೆಯ ಮಟ್ಟದಲ್ಲಿ ಸಿಗಲಾರದು, ಏಕೆಂದರೆ ನೀರು ಸೋಕಿಸಿದಷ್ಟರಲ್ಲೇ ನುಣ್ಣಗಾಗುತ್ತದೆ, ಹಿಟ್ಟು ನೀರಾಗಿ ಎಣ್ಣೆ ಕುಡಿಯುವುದು ತಪ್ಪುತ್ತದೆ.

ಉಳಿತಾಯ ಪೂರ್ತಿಯಾಗಬೇಕೆಂದರೆ ಸಾಮಾನು ಕೊಳ್ಳುವ ರೀತಿಯೂ ಬದಲಾಗಬೇಕು. ನಾವು ಇಡ್ಲಿ ಅಕ್ಕಿಯನ್ನು 25 ಕಿಲೋ ಮೂಟೆಯಾಗಿ, ಉದ್ದನ್ನು ಐದು ಕಿಲೋದಂತೆ ಸಂತೆಪೇಟೆಯಿಂದ ತರುತ್ತೇವೆ. ಬೇಳೆಗಿಂತ ಸಿಪ್ಪೆ ತೆಗೆದ ಗುಂಡು ಉದ್ದು ಕೊಂಚ ದುಬಾರಿಯಾದರೂ ಹೆಚ್ಚು ಹಿಟ್ಟಾಗುತ್ತದೆ. ಹಳೆಯ ಉದ್ದು ಎಷ್ಟು ರುಬ್ಬಿದರೂ ಉಬ್ಬುವುದಿಲ್ಲ, ಆದ್ದರಿಂದ ಅಗ್ಗವೆಂದು ಒಂದು ವರ್ಷಕ್ಕಾಗುವಷ್ಟು ತುಂಬಿಸಿಡುವುದು ಲಾಭವಲ್ಲ. ದೋಸೆಗೆ ವಿಶೇಷ ಅಕ್ಕಿಯೇ ಬೇಕೆಂದೂ ಇಲ್ಲ. ಪಡಿತರದ ಅಕ್ಕಿಯಲ್ಲಿ ದೋಸೆ ಬಹಳ ಚೆನ್ನಾಗಿ ಬರುತ್ತದೆಂಬುದು ಕಾರ್ಡು ಇರುವ ಮನೆಗಳವರಿಗೆಲ್ಲ ಗೊತ್ತು. ಮೊದಲ ಎರಡು ದಿನ ಇಡ್ಲಿ, ಮೂರನೆಯ ದಿನ ದೋಸೆ, ಹುಳಿ ಏರಿದ ಮೇಲೆ ಉಳಿದದ್ದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಪಡ್ಡು ಮಾಡಿದರೆ ಹಿಟ್ಟು ಚೆಲ್ಲುವ ಪ್ರಮೇಯವೇ ಬರುವುದಿಲ್ಲ. ಪ್ಯಾಕೆಟ್ ಹಿಟ್ಟಿನಲ್ಲಿ ಈ ಕ್ರಮ ಸಾಧಿಸುವುದು ಕಷ್ಟ, ಅದು ಅಂಗಡಿಯಲ್ಲಿದ್ದಾಗಲೇ ಎಷ್ಟು ಹುಳಿ ಬಂದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಡಿಸೆಂಬರ್ ಜನವರಿಯ ಚಳಿಯಲ್ಲಿ ಮಾತ್ರ ನಮ್ಮಲ್ಲಿ ಹಿಟ್ಟು ಉಕ್ಕಲು 12 ಗಂಟೆಗಿಂತ ಹೆಚ್ಚು ಬೇಕಾಗುತ್ತದೆ, ಆಗ ಸಂಜೆ ನಾಲ್ಕಕ್ಕೇ ರುಬ್ಬಿ ಮುಗಿಸುತ್ತೇವೆ.

ಇನ್ನು ರಿಪೇರಿಯ ವಿಚಾರ. ನಾಲ್ಕನೆಯ ವರ್ಷದಲ್ಲಿ ಬೆಲ್ಟು ಸಡಿಲವಾಗಿ, ಅಕ್ಕಿ ಹಾಕಿದೊಡನೆ ಡ್ರಮ್ಮು ನಿಂತುಬಿಡುತ್ತಿತ್ತು. ಕಂಪನಿಯ ಸರ್ವಿಸ್ ಸೆಂಟರಿನವರು ಮನೆಗೆ ಬಂದು ನೋಡುವುದಕ್ಕೇ 350 ರೂಪಾಯಿ ಕೇಳಿ, ಮೋಟಾರನ್ನೇ ಬದಲಾಯಿಸಬೇಕೆಂದು 1,800 ರೂಪಾಯಿಯ ಅಂದಾಜು ಬರೆದುಕೊಟ್ಟರು. ಮಿಕ್ಸಿ ರಿಪೇರಿಯ ಸಣ್ಣ ಅಂಗಡಿಯವರು ತಳದ ಮುಚ್ಚಳ ಬಿಚ್ಚಿ 220 ರೂಪಾಯಿಗೆ ಹೊಸ ಬೆಲ್ಟು ಹಾಕಿಕೊಟ್ಟರು. ಮೋಟಾರು ಇವತ್ತಿಗೂ ಹಳೆಯದೇ ಇದೆ. ಈ ಬಗೆಯ ಯಂತ್ರಗಳ ಒಳಗಿನ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಹೊರಗಿನ ಮೆಕ್ಯಾನಿಕ್‌ಗಳಿಗೆ ಇದು ಕಷ್ಟದ ಕೆಲಸವಲ್ಲ. ಅಂಚಿನ ಹಿಟ್ಟನ್ನು ಒಳಕ್ಕೆ ತಳ್ಳುವ ಪ್ಲಾಸ್ಟಿಕ್ ಪಟ್ಟಿ ಒಮ್ಮೆ ಸವೆದು ಬದಲಾಯಿತು. ಅದನ್ನೂ ಸೇರಿಸಿದರೆ ಏಳು ವರ್ಷದಲ್ಲಿ ಸರ್ವಿಸ್ ಸೆಂಟರಿನ ಭೇಟಿ ಶುಲ್ಕವೇ ರಿಪೇರಿಯ ಅತಿ ದೊಡ್ಡ ಖರ್ಚು.

ಅನನುಕೂಲಗಳನ್ನೂ ಹೇಳಬೇಕು. ಹಿಟ್ಟು ತುಂಬಿದ ಡ್ರಮ್ಮನ್ನು ಕಲ್ಲು ತೆಗೆದ ಮೇಲೂ ಎತ್ತಿ ಬಗ್ಗಿಸುವುದು ವಯಸ್ಸಾದವರಿಗೆ, ಬೆನ್ನುನೋವಿನವರಿಗೆ ಆಗದ ಕೆಲಸ. ನಮ್ಮ ಅತ್ತೆಯವರು ಬಗ್ಗಿಸುವ ಗೋಜಿಗೇ ಹೋಗದೆ ಸೌಟಿನಲ್ಲಿ ತೋಡಿಕೊಳ್ಳುತ್ತಾರೆ. ಓರೆಯಾಗಿ ವಾಲಿಸಬಹುದಾದ ಟಿಲ್ಟಿಂಗ್ ಮಾದರಿಗಳು ಇವೆ, ಬೆಲೆ ಹೆಚ್ಚು. ತೊಳೆಯುವುದಕ್ಕೆ ಹತ್ತು ನಿಮಿಷ ಬೇಕೇ ಬೇಕು. ಕೊನೆಯಲ್ಲಿ ಒಂದು ಲೋಟ ನೀರು ಹಾಕಿ ಎರಡು ನಿಮಿಷ ತಿರುಗಿಸಿ ಆ ನೀರನ್ನು ದೋಸೆ ಹಿಟ್ಟಿಗೇ ಸೇರಿಸಿಕೊಂಡರೆ ಕೆಲಸ ಸ್ವಲ್ಪ ಹಗುರವಾಗುತ್ತದೆ. ಹೊಸ ಯಂತ್ರವನ್ನು ನೆನೆಸಿದ ಅಕ್ಕಿ ಹಾಕಿ ಎರಡು ಸಲ ತಿರುಗಿಸಿ, ಆ ಹಿಟ್ಟನ್ನು ಚೆಲ್ಲಿದ ಮೇಲೆಯೇ ಬಳಸಬೇಕು, ಇಲ್ಲವಾದರೆ ಕಲ್ಲಿನ ಪುಡಿ ಬಾಯಿಗೆ ಸಿಗುತ್ತದೆ. ಸ್ವಲ್ಪವೇ ಸಾಮಾನು ಹಾಕಿದರೆ ಕಲ್ಲಿಗೆ ಸಿಗುವುದಿಲ್ಲ, ಹಾಗಾಗಿ ಚಟ್ನಿಗೆ, ನಾಲ್ಕು ಜನರ ಸಾಂಬಾರಿನ ಮಸಾಲೆಗೆ ಮಿಕ್ಸಿ ಇರಲೇಬೇಕು. ಇಬ್ಬರೇ ಇರುವ ಮನೆಯಲ್ಲಿ ಒಮ್ಮೆ ರುಬ್ಬಿದ್ದು ಮುಗಿಯುವಷ್ಟರಲ್ಲಿ ಹುಳಿಯಾಗುತ್ತದೆ. ಅಂಥವರು 1.25 ಲೀಟರಿನ ಚಿಕ್ಕ ಮಾದರಿಯನ್ನು ನೋಡಬಹುದು, ಅಥವಾ ವಾರಕ್ಕೆ ಅರ್ಧ ಕಿಲೋ ಹಿಟ್ಟು ಕೊಂಡುಕೊಳ್ಳುವುದೇ ಅವರಿಗೆ ಅಗ್ಗವಾಗಬಹುದು.

ಈಗ ಕೊಳ್ಳುವವರಿಗೆ ನಾವು ಕೊಟ್ಟ ಬೆಲೆಗೆ ಸಿಗಲಾರದು. 2022ರ ಜುಲೈನಲ್ಲಿ ವೆಟ್ ಗ್ರೈಂಡರ್ ಮೇಲಿನ ಜಿಎಸ್‌ಟಿಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಿದ್ದು ಇದಕ್ಕೊಂದು ಕಾರಣ. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಂಗಡಿಯವರು ಅದನ್ನು ಹೇಳಿಯೇ ಮಾರುತ್ತಾರೆ. ಆದರೆ ಬೆಲ್ಟು ಮತ್ತು ಪಟ್ಟಿ ನಿಮ್ಮ ಊರಿನಲ್ಲೇ ಸಿಗುತ್ತವೆಯೇ ಎಂದು ವಿಚಾರಿಸುವುದು ಅದಕ್ಕಿಂತ ಮುಖ್ಯ. ಚಪಾತಿ ಹಿಟ್ಟು ಕಲಸುವ ಮತ್ತು ತೆಂಗಿನಕಾಯಿ ತುರಿಯುವ ಜೋಡಣೆಗಳಿಗೆ ಏಳೆಂಟು ನೂರು ರೂಪಾಯಿ ಹೆಚ್ಚಿಗೆ ಕೇಳಿದರೆ ಬೇಡವೆನ್ನಿ. ಕಲಸುವ ಕೈ ಐದು ಮಂದಿಯ ಚಪಾತಿಗೆ ತಿಣುಕುತ್ತದೆ, ಕಾಯಿ ತುರಿಯುವುದಕ್ಕೆ ನಮ್ಮಲ್ಲಿ ಈಗಲೂ ತುರಿಮಣೆಯೇ ಬಳಕೆಯಲ್ಲಿದೆ. ಅದೇ ದುಡ್ಡಿನಲ್ಲಿ ಒಂದು ಬೆಲ್ಟು ಹೆಚ್ಚಿಗೆ ತಂದಿಟ್ಟುಕೊಂಡರೆ ಉಪಯೋಗಕ್ಕೆ ಬರುತ್ತದೆ.