ನಿದ್ದೆ ಬಿಟ್ಟವನು ಸಿದ್ಧಪುರುಷನಾಗುತ್ತಿದ್ದಾನೆಂದು ಕಾಯಬೇಡಿ

ಧ್ಯಾನವನ್ನೋ ಜಪವನ್ನೋ ತೀವ್ರವಾಗಿ ಕೈಗೊಂಡ ಮೇಲೆ ಮನೆಯವರೊಬ್ಬರ ನಡತೆ ಬದಲಾದರೆ, ಅದು ಆಧ್ಯಾತ್ಮಿಕ ಸಂಕಟವೋ ಮನೋರೋಗವೋ ಎಂದು ಮೊದಲು ತೀರ್ಮಾನವಾಗಲಿ, ವೈದ್ಯರ ಮಾತು ಆಮೇಲೆ ನೋಡೋಣ ಎಂದು ದಯವಿಟ್ಟು ಕಾಯಬೇಡಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಕುಟುಂಬದಲ್ಲಿ ಆ ತೀರ್ಮಾನಕ್ಕಾಗಿ ಒಂದು ಮಳೆಗಾಲವೇ ಕಳೆದುಹೋಯಿತು. ಇದನ್ನು ಬರೆಯಲು ಒಪ್ಪಿಗೆ ಕೊಟ್ಟವನು ಚಿಕ್ಕಪ್ಪನ ಮಗನೇ. ಹೆಸರುಗಳು ಬೇಡ ಎಂದೂ ಅವನೇ ಹೇಳಿದ್ದಾನೆ.

ಶಿಬಿರವೊಂದರಿಂದ ಮರಳಿದ ಮೇಲೆ ಅವನು ಮನೆಯಲ್ಲಿಯೇ ಸಾಧನೆ ಮುಂದುವರಿಸಿದ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತರೆ ಮರುದಿನ ಆಯಾಸವೇ ಇರುತ್ತಿರಲಿಲ್ಲ; ತೋಟದ ಕೆಲಸದವರನ್ನು ನಿಲ್ಲಿಸಿಕೊಂಡು ಮಂತ್ರಾರ್ಥ ವಿವರಿಸುತ್ತಿದ್ದ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದ. ಮಧೂರಿನ ಗಣಪತಿ ತನಗೇ ನೇರವಾಗಿ ಅಪ್ಪಣೆ ಕೊಡುತ್ತಿದ್ದಾನೆಂದ. ಅಡಕೆ ಮಾರಿದ ಹಣವನ್ನು ದಾರಿಹೋಕರಿಗೆ ಹಂಚಿದ. ಚಿಕ್ಕಮ್ಮ ಫೋನು ಮಾಡಿ ವಿಚಾರಿಸಿದಾಗ ಶಿಬಿರದ ಗುರುಗಳು, ಕುಂಡಲಿನಿ ಏರುತ್ತಿದೆ, ಗುಳಿಗೆ ಕೊಟ್ಟರೆ ಅರ್ಧದಲ್ಲಿ ನಿಂತುಹೋಗುತ್ತದೆ ಎಂದರು. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದಾಗ ಅವರಿಗೆ ಕಂಡದ್ದು ಕುಂಡಲಿನಿಯಲ್ಲ, ಪ್ರೇತಬಾಧೆ. ಒಬ್ಬರಿಗೆ ಅನುಗ್ರಹವಾಗಿ ಕಂಡದ್ದು ಇನ್ನೊಬ್ಬರಿಗೆ ಬಾಧೆಯಾಗಿ ಕಂಡಿತ್ತು. ವೈದ್ಯರು ಬೇಡ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಒಂದು ಮಂಡಲ ಕಾಲ ಕೋಣೆಯಲ್ಲಿ ಕೂಡಿಹಾಕಿ ಉಚ್ಚಾಟನೆ ಮಾಡಿಸುವ ಸಲಹೆಯೂ ಬಂತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ದರ್ಗಾದ ಆಶ್ರಯದಲ್ಲಿ ಗುಣವಾಗಲೆಂದು ಮನೆಯವರು ಬಿಟ್ಟುಹೋಗಿದ್ದ 28 ಮಂದಿ ಸತ್ತುಹೋದರು. ಸರಪಳಿಯಲ್ಲಿ ಕಟ್ಟಿದ್ದರಿಂದ ಅವರಿಗೆ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 95ನೇ ಸೆಕ್ಷನ್ ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟುವಂತಿಲ್ಲ ಎನ್ನುತ್ತದೆ. ಚಿಕ್ಕಪ್ಪ ಕಾನೂನು ತಿಳಿದವರಲ್ಲ, ಆದರೆ ಮಗನನ್ನು ಕೂಡಿಹಾಕಲು ಅವರ ಮನಸ್ಸು ಒಪ್ಪಲಿಲ್ಲ.

ಕೊನೆಗೆ ಕರೆದುಕೊಂಡುಹೋದ ಮೊದಲ ವೈದ್ಯರಿಂದಲೂ ಒಳ್ಳೆಯದಾಗಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಅವರು ತಲೆ ಎತ್ತಿ ನೋಡುವ ಮೊದಲೇ, ಈ ಜಪತಪವನ್ನೆಲ್ಲ ಬಿಡಿಸಿ ಎಂದು ಗದರಿ ಗುಳಿಗೆ ಬರೆದರು. ದೇವರನ್ನೇ ಕಿತ್ತುಕೊಳ್ಳುವ ಗುಳಿಗೆ ಎಂದು ಅವನು ಅದನ್ನು ಬಾವಿಗೆ ಎಸೆದ. ಮಂಗಳೂರಿನ ಮನೋವೈದ್ಯರೊಬ್ಬರು ಮಾತ್ರ, ಯಾವ ಮಂತ್ರ, ಯಾರ ಉಪದೇಶ, ಎಷ್ಟು ಹೊತ್ತು ಎಂದು ಕೇಳಿದ ಮೇಲೆ ನಿದ್ದೆಯ ಬಗ್ಗೆ ಕೇಳಿದರು. ಕುಟುಂಬದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂದಾಗ, ಚಿಕ್ಕಮ್ಮನ ಸೋದರಮಾವನ ವಿಷಯ ಮೊದಲ ಬಾರಿಗೆ ಹೊರಗೆ ಬಂತು. ಥೈರಾಯ್ಡ್ ತೊಂದರೆ, ಅಪಸ್ಮಾರ, ಮಾದಕ ವಸ್ತುಗಳಿಂದಲೂ ಹೀಗೆ ಆಗಬಹುದಾದ್ದರಿಂದ ಅವುಗಳ ತಪಾಸಣೆ ನಡೆಯಿತು. ಅದು ಮನಸ್ಸು ಒಮ್ಮೆ ಅತಿಯಾಗಿ ಏರಿ ಇನ್ನೊಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತವೆಂದು ತಿಳಿದು ಲಿಥಿಯಂ ಎಂಬ ಗುಳಿಗೆ ಆರಂಭವಾಯಿತು.

ಹಾಗೆಂದು ಆಧ್ಯಾತ್ಮಿಕ ಸಂಕಟ ಎಂಬುದೇ ಸುಳ್ಳು ಎಂದು ನಾನು ಹೇಳಲಾರೆ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಪ್ರಕಟಿಸಿದ ರೋಗ ವರ್ಗೀಕರಣದ ನಾಲ್ಕನೆಯ ಆವೃತ್ತಿಯಲ್ಲಿ, ನಂಬಿಕೆ ಕುಸಿಯುವುದು, ಮತಾಂತರದ ತಳಮಳ ಮೊದಲಾದವನ್ನು ರೋಗವಲ್ಲದ, ಆದರೆ ನೆರವಿಗೆ ಅರ್ಹವಾದ ಸಮಸ್ಯೆಗಳೆಂದು ಬೇರೆಯಾಗಿ ಸೇರಿಸಿತು. ಸಮುದಾಯದ ಧಾರ್ಮಿಕ ನಂಬಿಕೆಗೆ ಹೊಂದದೆ ನಡೆದ ಮಾತ್ರಕ್ಕೆ ಒಬ್ಬನನ್ನು ಮನೋರೋಗಿ ಎನ್ನುವಂತಿಲ್ಲ ಎಂದು ನಮ್ಮ 2017ರ ಕಾಯ್ದೆಯೇ ಹೇಳುತ್ತದೆ. ಅಷ್ಟೇಕೆ, ನಮ್ಮೂರಿನ ನೇಮದಲ್ಲಿ, ಅಂದರೆ ದೈವಾರಾಧನೆಯಲ್ಲಿ, ಮೈ ನಡುಗಿಸುತ್ತಾ ದೈವದ ಮಾತನ್ನಾಡುವ ಪಾತ್ರಿಯನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಒಯ್ಯಬೇಕಾದದ್ದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಸಂಸ್ಕೃತಿ ಒಪ್ಪಿದ ಆವೇಶವನ್ನು ರೋಗದಿಂದ ಹೊರಗಿಡುತ್ತದೆ. ಪಾತ್ರಿಯ ಆವೇಶಕ್ಕೆ ಕರೆಯುವ ಹೊತ್ತಿದೆ, ಇಳಿಯುವ ಹೊತ್ತಿದೆ, ಸುತ್ತ ನಿಂತ ಊರಿದೆ. ಮರುದಿನ ಅವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ನಮ್ಮವನಿಗೆ ಇಳಿಯುವ ಹೊತ್ತು ಎಂಬುದೇ ಇರಲಿಲ್ಲ.

ಆದ್ದರಿಂದ ಏನು ಕಂಡಿತು, ಯಾವ ದೇವರು ಮಾತಾಡಿದ ಎಂಬುದರ ಮೇಲೆ ಚರ್ಚೆ ಬೆಳೆಸುವುದು ವ್ಯರ್ಥ. ಅವರು ಮಲಗುತ್ತಿದ್ದಾರೆಯೇ, ಉಣ್ಣುತ್ತಿದ್ದಾರೆಯೇ, ತಮಗೇನೋ ಆಗುತ್ತಿದೆ ಎಂಬ ಅನುಮಾನ ಅವರಿಗೇ ಇದೆಯೇ, ಬೇಡವೆಂದಾಗ ಸಾಧನೆಯನ್ನು ನಿಲ್ಲಿಸಬಲ್ಲರೇ ಎಂಬುದನ್ನು ನೋಡಿ. ಸಂಕಟದಲ್ಲಿರುವ ಸಾಧಕ ಸಾಮಾನ್ಯವಾಗಿ ಹೆದರಿ ಸಹಾಯ ಕೇಳುತ್ತಾನೆ; ಉನ್ಮಾದದಲ್ಲಿರುವವನಿಗೆ ಸಂಶಯವೇ ಇರುವುದಿಲ್ಲ. ಇದೂ ಅಳತೆಗೋಲೇನಲ್ಲ, ಏಕೆಂದರೆ ನಿಜವಾದ ಸಾಧಕನಿಗೂ ಕಾಯಿಲೆ ಬರಬಹುದು ಮತ್ತು ಎರಡೂ ಒಟ್ಟಿಗೇ ಇರಬಹುದು. ದಿನಗಟ್ಟಲೆ ನಿದ್ದೆಯಿಲ್ಲದಿದ್ದರೆ, ಸಾಯುವ ಅಥವಾ ಇನ್ನೊಬ್ಬರಿಗೆ ಕೇಡು ಮಾಡುವ ಮಾತು ಬಂದರೆ, ಅಪ್ಪಣೆಯಾಗಿದೆ ಎಂದು ಅನ್ನನೀರು ಬಿಟ್ಟರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಸರಿಡುವ ಕೆಲಸ ಆಮೇಲೆ ಆಗುತ್ತದೆ. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (ಫೋನ್ 14416) ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಭಾಷೆ ಆರಿಸಿಕೊಳ್ಳುವ ಅವಕಾಶವೂ ಇದೆ. ಚಿಕ್ಕಮ್ಮನ ಹಾಗೆ ಮಲಯಾಳ ಅಷ್ಟಾಗಿ ಬಾರದ ಹಿರಿಯರೇ ಮಗನ ಸ್ಥಿತಿಯನ್ನು ಹೇಳಬೇಕಾದ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಅವನು ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ಲಿಥಿಯಂ ಪ್ರಮಾಣ ತಿಳಿಯಲು ಆಗಾಗ ರಕ್ತಪರೀಕ್ಷೆಯಾಗುತ್ತದೆ. ವೈದ್ಯರಿಗೆ ಹೇಳದೆ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು ಎಂಬುದು ಅವನಿಗೆ ಗೊತ್ತು. ಬೆಳಗ್ಗೆ ಸ್ನಾನವಾದ ಮೇಲೆ ಒಂದಿಷ್ಟು ಜಪ ಮಾಡುತ್ತಾನೆ. ವೈದ್ಯರು ಅದಕ್ಕೆ ಅಡ್ಡಿಮಾಡಿಲ್ಲ. ಗುಳಿಗೆ ಮತ್ತು ಜಪ ಒಟ್ಟಿಗೆ ಸಾಗವು ಎನ್ನುವವರು ಗುರುಗಳಾಗಿರಲಿ ವೈದ್ಯರಾಗಿರಲಿ, ನಾನಂತೂ ಅವರನ್ನು ನಂಬುವುದಿಲ್ಲ.

ಮಕ್ಕಳನ್ನು ಇಂಥ ಶಿಬಿರಗಳಿಗೆ ಕಳುಹಿಸುವವರು ಹಣ ಕಟ್ಟುವ ಮೊದಲು ಅರ್ಜಿಯನ್ನು ಓದಬೇಕು. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರಗಳಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಅರ್ಜಿಯಲ್ಲಿಯೇ ಕೇಳುತ್ತಾರೆ, ಗಂಭೀರ ತೊಂದರೆ ಇರುವವರಿಗೆ ಶಿಬಿರ ಸೂಕ್ತವಲ್ಲವೆಂದೂ ತಿಳಿಸುತ್ತಾರೆ. ನಮ್ಮವನು ತುಂಬಿದ ಅರ್ಜಿಯಲ್ಲಿ ಊಟದ ಪಥ್ಯ ಮತ್ತು ಹಾಸಿಗೆಯ ಬಗ್ಗೆ ಪ್ರಶ್ನೆಗಳಿದ್ದವು, ಕಾಯಿಲೆಯ ಬಗ್ಗೆ ಒಂದೂ ಇರಲಿಲ್ಲ.